ಬೈಕ್ ಟೈರಿನ ಗಾಳಿ ಎಲ್ಲಿಂದ ಹೋಗುತ್ತಿದೆ? ಪತ್ತೆ ಹಚ್ಚೋದು ಹೇಗೆ?

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಪುಣೆಯ ಪಂಕ್ಚರ್ ಅಂಗಡಿಗಳಿಗೆ ಪುರುಸೊತ್ತು ಇರುವುದಿಲ್ಲ. ರಸ್ತೆ ಅಂಚಿನಲ್ಲಿ ಬಿದ್ದಿದ್ದ ಮೊಳೆ, ತಂತಿ, ಗಾಜಿನ ಚೂರು ನೀರಿನ ಜೊತೆ ಹರಿದು ಗಾಡಿ ಓಡುವ ಜಾಗಕ್ಕೆ ಬರುತ್ತವೆ. ಒದ್ದೆ ರಬ್ಬರಿನೊಳಗೆ ಚೂಪಾದ ವಸ್ತು ಸಲೀಸಾಗಿ ಇಳಿಯುತ್ತದೆ. ಗುಂಡಿಗಳಲ್ಲಿ ನೀರು ನಿಂತು ಅವುಗಳ ಆಳವೇ ಗೊತ್ತಾಗುವುದಿಲ್ಲ. ಭೋಸರಿ, ಚಾಕಣ ಕಡೆ ಕಾರ್ಖಾನೆಗೆ ಹೋಗಿಬರುವವರಿಗೆ ಇದರ ಜೊತೆಗೆ ಲಾರಿಗಳಿಂದ ಉದುರಿದ ಕಬ್ಬಿಣದ ಚೂರುಗಳ ಕಾಟ.

ಇದೇ ಹೊತ್ತಿಗೆ ನಾಗರ ಪಂಚಮಿ, ಗಣಪತಿ ಹಬ್ಬ ಬರುತ್ತವೆ. ಪುಣೆಯಲ್ಲಿ ದುಡಿಯುವ ನಮ್ಮವರಲ್ಲಿ ಎಷ್ಟೋ ಮಂದಿ ಬೈಕಿನಲ್ಲೇ ಊರಿಗೆ ಹೊರಡುತ್ತಾರೆ. ಬೆಳಗಾವಿ ಕಡೆಯವರು ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಹೋಗುತ್ತಾರೆ. ವಿಜಯಪುರ, ಕಲಬುರಗಿಯವರು ಸೋಲಾಪುರದ ದಾರಿ ಹಿಡಿಯುತ್ತಾರೆ. ಹಿಂದೆ ಹೆಂಡತಿ, ಪಕ್ಕಕ್ಕೆ ಎರಡು ಬ್ಯಾಗು. ಖಂಬಾಟ್ಕಿ ಘಾಟಿನ ತಿರುವುಗಳಲ್ಲಿ ಅಷ್ಟೂ ಜನರನ್ನು, ಸಾಮಾನನ್ನು ಹಿಡಿದಿಡಬೇಕಾದ್ದು ಆ ಎರಡು ಟೈರುಗಳೇ.

ಗಾಳಿ ಕಮ್ಮಿ ಅನಿಸಿದರೆ ಬಂಕಿನಲ್ಲಿ ನಿಲ್ಲಿಸಿ, "ಭಾವು, ಹವಾ ಭರಾ" ಎಂದು ತುಂಬಿಸಿಕೊಂಡು ಹೊರಡುವುದು ವಾಡಿಕೆ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಕೆಲಸ. ಆದರೆ ಹೋದ ಗಾಳಿ ಎಲ್ಲಿಂದಲೋ ಹೋಗಿರಲೇಬೇಕು ಅಲ್ವಾ? ಆ ಜಾಗ ಹುಡುಕುವುದು ಅಂಥ ಕಷ್ಟದ ಕೆಲಸವಲ್ಲ. ಗಾಳಿ ಎಷ್ಟು ಬೇಗ ಇಳಿಯುತ್ತಿದೆ, ಎಲ್ಲಿಂದ ಹೋಗುತ್ತಿದೆ ಎಂಬುದು ಗೊತ್ತಾದರೆ ಸಾಕು. ಪ್ಯಾಚ್ ಹಾಕಿಸಿದರೆ ಆಗುತ್ತದಾ, ಹೊಸ ಟೈರೇ ಬೇಕಾ ಎಂಬುದು ಬಹುಪಾಲು ಅದರಲ್ಲೇ ತಿಳಿದುಬಿಡುತ್ತದೆ.

ಭಾರ ಹೊರುವುದು ಗಾಳಿ

ನೋಡಲು ರಬ್ಬರೇ ಭಾರ ಹೊರುತ್ತಿದೆ ಅನಿಸುತ್ತದೆ. ನಿಜವಾಗಿ ಹೊರುವುದು ಒಳಗೆ ಒತ್ತಿ ತುಂಬಿದ ಗಾಳಿ. ಆ ಗಾಳಿಯನ್ನು ಬಿಗಿಯಾಗಿ ಹಿಡಿದಿಡುವುದಷ್ಟೇ ಟೈರಿನ ಕೆಲಸ.

ಟೈರಿನ ಭಾಗಗಳ ಹೆಸರು ತಿಳಿದಿದ್ದರೆ ಮುಂದಿನದು ಸುಲಭ. ನೆಲಕ್ಕೆ ತಾಗುವ, ಗಾಡಿ ಜಾರದಂತೆ ಗೀರು ಕೊಯ್ದಿರುವ ದಪ್ಪ ಭಾಗ ಟ್ರೆಡ್. ಅಕ್ಕಪಕ್ಕದ ತೆಳು ಗೋಡೆ ಸೈಡ್‌ವಾಲ್. ಕಂಪನಿ ಹೆಸರು, ಅಳತೆ ಎಲ್ಲ ಬರೆದಿರುವುದು ಇದರ ಮೇಲೆ. ರಿಮ್ಮಿಗೆ ಕಚ್ಚಿಕೊಳ್ಳುವ ಗಟ್ಟಿ ಅಂಚು ಬೀಡ್. ಅದರೊಳಗೆ ಉಕ್ಕಿನ ತಂತಿ ಸುತ್ತಿರುತ್ತದೆ. ರಬ್ಬರಿನ ನಡುವೆ ನೈಲಾನ್ ಅಥವಾ ಪಾಲಿಯೆಸ್ಟರ್ ದಾರಗಳ ಪದರ ಇರುತ್ತದೆ. ಟೈರಿನ ಬಲವೆಲ್ಲ ಈ ದಾರಗಳಲ್ಲಿದೆ. ಹೊರಗಿನ ರಬ್ಬರ್ ಸ್ವಲ್ಪ ತರಚಿದರೆ ನಡೆಯುತ್ತದೆ, ದಾರ ಕಡಿದರೆ ನಡೆಯುವುದಿಲ್ಲ. ಈ ಒಂದು ಮಾತು ನೆನಪಿಡಿ, ಕೆಳಗೆ ಬೇಕಾಗುತ್ತದೆ.

ಟ್ಯೂಬ್ ಟೈರಿನಲ್ಲಿ ಗಾಳಿ ಇರುವುದು ಒಳಗಿನ ಟ್ಯೂಬಿನಲ್ಲಿ. ಟ್ಯೂಬ್‌ಲೆಸ್‌ನಲ್ಲಿ ಟೈರಿನ ಒಳಮೈಗೆ ಗಾಳಿ ಸೋರದ ರಬ್ಬರಿನ ಪದರ ಅಂಟಿಸಿರುತ್ತಾರೆ. ಟೈರ್ ಮತ್ತು ರಿಮ್ ಸೇರಿ ಗಾಳಿಯನ್ನು ಹಿಡಿದಿಡುತ್ತವೆ. ಕಡ್ಡಿ ಇರುವ ಸ್ಪೋಕ್ ಗಾಲಿಗೆ ಸಾಮಾನ್ಯವಾಗಿ ಟ್ಯೂಬ್ ಬೇಕೇ ಬೇಕು, ಯಾಕೆಂದರೆ ಕಡ್ಡಿಗಳು ಹೊಕ್ಕ ರಿಮ್ಮಿನಲ್ಲಿ ಹತ್ತಾರು ತೂತು ಇರುತ್ತವೆ. ಕಡ್ಡಿ ಇಲ್ಲದ ಅಲಾಯ್ ಗಾಲಿಗೆ ಹೆಚ್ಚಾಗಿ ಟ್ಯೂಬ್‌ಲೆಸ್. ಆದರೂ ಅಲಾಯ್ ಇದ್ದು ಟ್ಯೂಬ್ ಹಾಕಿರುವ ಬೈಕುಗಳೂ ಇವೆ. ನಿಮ್ಮದು ಯಾವುದು ಎಂಬುದು ಸೈಡ್‌ವಾಲ್ ಮೇಲೆಯೇ ಬರೆದಿರುತ್ತದೆ.

ಮೊಳೆ ಚುಚ್ಚಿದಾಗ ಇವೆರಡರ ವರ್ತನೆ ಪೂರ್ತಿ ಬೇರೆ. ಟ್ಯೂಬ್ ತೆಳ್ಳಗೆ ಹಿಗ್ಗಿರುತ್ತದೆ, ಚುಚ್ಚಿದ ಕೂಡಲೇ ಹರಿಯುತ್ತದೆ. ನಿಮಿಷದೊಳಗೆ ಗಾಲಿ ನೆಲಕ್ಕೆ ಕೂರಬಹುದು. ಟ್ಯೂಬ್‌ಲೆಸ್‌ನಲ್ಲಿ ದಪ್ಪ ರಬ್ಬರ್ ಮೊಳೆಯ ಸುತ್ತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗಾಳಿ ನಿಧಾನವಾಗಿ ಸೋರುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಹಾಗಾಗಿ ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಕಂಡರೆ ಅದನ್ನು ಅಲ್ಲೇ ಕೀಳಬೇಡಿ. ಅದೇ ಸದ್ಯಕ್ಕೆ ನಿಮ್ಮ ಬಿರಡೆ. ಗಾಳಿ ತುಂಬಿಸಿ, ನಿಧಾನವಾಗಿ ಹತ್ತಿರದ ಅಂಗಡಿ ಸೇರಿ.

ಇನ್ನು ಗಾಳಿ ತುಂಬುವ ವಾಲ್, ಅಂದರೆ ವಾಲ್ವ್. ಅದರೊಳಗೆ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇದೆ. ಒತ್ತಿದರೆ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಅಗಸ್ಟ್ ಶ್ರೇಡರ್ ಎಂಬವರ ಕಂಪನಿಯಿಂದ ಬಂದ, 1893ರಲ್ಲಿ ಪೇಟೆಂಟ್ ಆದ ವಿನ್ಯಾಸವೇ ಇವತ್ತಿಗೂ ನಮ್ಮ ಬೈಕು, ಕಾರುಗಳಲ್ಲಿದೆ. ಮೇಲಿನ ಕ್ಯಾಪ್ ಸುಮ್ನೆ ಅಂದಕ್ಕೆ ಇಟ್ಟದ್ದಲ್ಲ. ಕೆಸರು ಒಳಗೆ ಹೋಗದಂತೆ ಅದು ತಡೆಯುತ್ತದೆ. ಮಳೆಗಾಲದಲ್ಲಿ ಕ್ಯಾಪ್ ಇಲ್ಲದ ವಾಲ್‌ಗೆ ಮಣ್ಣು ಹೊಕ್ಕು ಪಿನ್ ಸರಿಯಾಗಿ ಕೂರದಿದ್ದರೆ ಅಲ್ಲಿಂದಲೇ ಸೋರಿಕೆ ಶುರು.

ಎಷ್ಟು ಗಾಳಿ, ಯಾವಾಗ ಅಳೆಯಬೇಕು

ಗಾಳಿಯ ಒತ್ತಡವನ್ನು ನಮ್ಮಲ್ಲಿ ಪಿಎಸ್‌ಐ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಇಂಚು ಜಾಗದ ಮೇಲೆ ಎಷ್ಟು ಪೌಂಡ್ ಒತ್ತಡ ಬೀಳುತ್ತಿದೆ ಎಂಬುದು ಅದರ ಅರ್ಥ. ಕೆಲವು ಬೈಕುಗಳ ಸ್ಟಿಕರ್ ಮೇಲೆ ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಎಂದು ಬರೆದಿರುತ್ತಾರೆ. ಅಲ್ಲಿ 1.75 ಅಂದರೆ ಸುಮಾರು 25 ಪಿಎಸ್‌ಐ, 2.25 ಅಂದರೆ ಸುಮಾರು 32.

ನಿಮ್ಮ ಬೈಕಿಗೆ ಎಷ್ಟು ಬೇಕು ಎಂಬುದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಗಾಲಿಯನ್ನು ಹಿಡಿದಿರುವ ತೋಳು) ಮೇಲಿನ ಸ್ಟಿಕರಿನಲ್ಲಿ, ಇಲ್ಲವೇ ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಒಬ್ಬರೇ ಹೋಗುವಾಗ ಒಂದು ಅಂಕಿ, ಹಿಂದೆ ಒಬ್ಬರು ಕೂತಾಗ ಹಿಂದಿನ ಟೈರಿಗೆ ಇನ್ನೊಂದು ಅಂಕಿ. ಟೈರಿನ ಮೇಲೆ ಕೆತ್ತಿರುವ ಗರಿಷ್ಠ ಒತ್ತಡದ ಅಂಕಿಯನ್ನು ಹಾಕಿಸಬೇಡಿ. ಅದು ಟೈರ್ ತಡೆಯುವ ಮಿತಿ, ನಿಮ್ಮ ಬೈಕಿಗೆ ಬೇಕಾದ ಅಳತೆ ಅಲ್ಲ.

ಅಳೆಯಬೇಕಾದ್ದು ಟೈರ್ ತಣ್ಣಗಿದ್ದಾಗ. ಅಂದರೆ ಗಾಡಿ ಮೂರು ತಾಸಾದರೂ ನಿಂತಿರಬೇಕು. ಓಡಿದ ಟೈರ್ ಬಿಸಿಯಾಗಿ, ಒಳಗಿನ ಗಾಳಿ ಹಿಗ್ಗಿ, ಒತ್ತಡ ಹೆಚ್ಚು ತೋರಿಸುತ್ತದೆ. ಬಿಸಿ ಟೈರಿನಲ್ಲಿ ಅಂಕಿ ಜಾಸ್ತಿ ಇದೆ ಎಂದು ಗಾಳಿ ಬಿಟ್ಟರೆ ಬೆಳಗ್ಗೆ ಹೊತ್ತಿಗೆ ಕಮ್ಮಿಯಾಗಿರುತ್ತದೆ.

ಹವಾಮಾನದಿಂದಲೂ ಅಂಕಿ ಏರಿಳಿಯುತ್ತದೆ. ಪುಣೆಯ ಚಳಿಗಾಲವನ್ನೇ ನೋಡಿ. ಮಧ್ಯಾಹ್ನ 30 ಡಿಗ್ರಿ ಇರುವಾಗ 28 ಪಿಎಸ್‌ಐ ತುಂಬಿಸಿದಿರಿ. ಮರುದಿನ ಬೆಳಗ್ಗೆ 12 ಡಿಗ್ರಿ ಚಳಿಯಲ್ಲಿ ಅಳೆದರೆ ಸುಮಾರು ಎರಡೂವರೆ ಪಿಎಸ್‌ಐ ಕಮ್ಮಿ ಕಾಣುತ್ತದೆ. ಒಂದು ಹನಿ ಗಾಳಿಯೂ ಹೊರಗೆ ಹೋಗಿರುವುದಿಲ್ಲ. ಎತ್ತರವೂ ಸ್ವಲ್ಪ ಆಟ ಆಡಿಸುತ್ತದೆ. ಸಮುದ್ರ ಮಟ್ಟದ ಮುಂಬೈಯಲ್ಲಿ ಗಾಳಿ ತುಂಬಿಸಿಕೊಂಡು ಹಳೆ ಹೆದ್ದಾರಿಯಲ್ಲಿ ಘಾಟ್ ಹತ್ತಿ ಪುಣೆಗೆ ಬಂದರೆ, ಇಲ್ಲಿ ಸುಮಾರು 560 ಮೀಟರ್ ಎತ್ತರ. ಹೊರಗಿನ ಗಾಳಿಯ ಒತ್ತಡ ಕಮ್ಮಿ ಇರುವುದರಿಂದ ಒತ್ತಡ ಅಳೆಯುವ ಗೇಜ್ ಹೆಚ್ಚುಕಡಿಮೆ ಒಂದು ಪಿಎಸ್‌ಐ ಜಾಸ್ತಿ ತೋರಿಸುತ್ತದೆ.

ಬಂಕುಗಳ ಗೇಜ್ ಒಂದಕ್ಕೊಂದು ಹೊಂದುವುದಿಲ್ಲ. ಸೋರಿಕೆ ಹುಡುಕುವವರ ಹತ್ತಿರ ತಮ್ಮದೇ ಒಂದು ಸಣ್ಣ ಗೇಜ್ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಅದು ಒಂದು ಪಿಎಸ್‌ಐ ಆಚೀಚೆ ತೋರಿಸಿದರೂ ಪರವಾಗಿಲ್ಲ. ಪ್ರತಿ ಸಲ ಅದೇ ಗೇಜ್ ಬಳಸಿದರೆ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಸರಿಯಾಗಿ ಸಿಗುತ್ತದೆ.

ಇಳಿಯುವ ವೇಗ ನೋಡಿ

ಚೆನ್ನಾಗಿರುವ ಟೈರಿನಿಂದಲೂ ಗಾಳಿ ರಬ್ಬರಿನ ಮೂಲಕ ಅತಿ ನಿಧಾನವಾಗಿ ಜಿನುಗುತ್ತದೆ. ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿದರೆ ಅದು ರೋಗವಲ್ಲ. ನೈಟ್ರೋಜನ್ ತುಂಬಿಸಿದರೆ ಈ ಜಿನುಗು ಸ್ವಲ್ಪ ಕಮ್ಮಿ. ಆದರೆ ಮಾಮೂಲಿ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ವಾಲ್ ಸೋರುತ್ತಿದ್ದರೆ ನೈಟ್ರೋಜನ್ ಕೂಡ ಅದೇ ದಾರಿಯಲ್ಲಿ ಹೋಗುತ್ತದೆ.

ವಾರಕ್ಕೆ ಮೂರು, ನಾಲ್ಕು ಪಿಎಸ್‌ಐ ಇಳಿಯುತ್ತಿದ್ದರೆ ಅದು ನಿಧಾನ ಸೋರಿಕೆ. ವಾಲ್ ಪಿನ್, ಬೀಡ್, ಸಣ್ಣ ತಂತಿ ಅಥವಾ ಹಳೆಯ ಪಂಕ್ಚರ್ ಜಾಗ, ಇವುಗಳಲ್ಲಿ ಒಂದು ಕಾರಣ. ರಾತ್ರಿ ಸರಿ ಇದ್ದು ಬೆಳಗ್ಗೆ ನೆಲಕ್ಕೆ ಕೂತಿದ್ದರೆ ಮೊಳೆ ಅಥವಾ ಕೆಟ್ಟ ವಾಲ್ ಮೇಲೆ ಅನುಮಾನ. ಕಣ್ಣೆದುರೇ ಗಾಳಿ ಹೋದರೆ ಟೈರ್ ಸೀಳಿದೆ ಅಥವಾ ಟ್ಯೂಬ್ ಹರಿದಿದೆ.

ಚಳಿಯಿಂದ ಇಳಿಯಿತೋ ಸೋರಿ ಇಳಿಯಿತೋ ಎಂದು ತಿಳಿಯಲು ಇನ್ನೊಂದು ಗಾಲಿ ನಿಮ್ಮ ಹತ್ತಿರವೇ ಇದೆ. ಎರಡಕ್ಕೂ ಸರಿಯಾಗಿ ಗಾಳಿ ತುಂಬಿಸಿ, ಮರುದಿನ ಬೆಳಗ್ಗೆ ಅಳೆದು ಮೊಬೈಲಿನಲ್ಲಿ ಬರೆದಿಡಿ. ಮೂರು, ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ, ಅದೇ ಗೇಜಿನಿಂದ ಮತ್ತೆ ಅಳೆಯಿರಿ. ಚಳಿ ಎರಡೂ ಟೈರುಗಳಿಗೆ ತಾಗುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿದಿದ್ದರೆ ಹವಾಮಾನ ಕಾರಣ. ಒಂದೇ ಇಳಿದಿದ್ದರೆ ಆ ಗಾಲಿಯಲ್ಲಿ ತೂತು ಇದೆ.

ಸೋಪಿನ ನೀರಿನ ಪರೀಕ್ಷೆ

ಮನೆಗೆ ಹೊಸ ಗ್ಯಾಸ್ ಸಿಲಿಂಡರ್ ಬಂದಾಗ ರೆಗ್ಯುಲೇಟರ್ ಸುತ್ತ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ಎಂದು ನೋಡುತ್ತೇವಲ್ಲ, ಟ್ಯೂಬ್‌ಲೆಸ್ ಟೈರಿಗೂ ಅದೇ ಪರೀಕ್ಷೆ. ಪಾತ್ರೆ ತೊಳೆಯುವ ಸೋಪಿನ ನೀರು, ಹಳೆಯ ಸ್ಪ್ರೇ ಬಾಟಲಿ, ಒಂದು ಸೀಮೆಸುಣ್ಣ ಇದ್ದರೆ ಸಾಕು. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಟೈರಿಗೆ ಪೂರ್ತಿ ಗಾಳಿ ಇರಲಿ. ಗಾಳಿ ಕಮ್ಮಿ ಇದ್ದರೆ ಸಣ್ಣ ತೂತು ಗುಳ್ಳೆ ತೋರಿಸುವುದೇ ಇಲ್ಲ.

ಮೊದಲು ವಾಲ್ ನೋಡಿ. ಸುಲಭ, ಖರ್ಚು ಕಮ್ಮಿ, ಆದರೂ ಹೆಚ್ಚಿನವರು ಮರೆಯುವ ಜಾಗ. ಕ್ಯಾಪ್ ತೆಗೆದು ಬಾಯಿಗೆ ಒಂದು ಹನಿ ಸೋಪಿನ ನೀರು ಬಿಡಿ. ಅಂಗಡಿಯವರು ಬೆರಳಿಗೆ ಉಗುಳು ಹಚ್ಚಿ ವಾಲ್ ಮೇಲೆ ಇಡುವುದು ಇದಕ್ಕೇ. ಗುಳ್ಳೆ ಎದ್ದರೆ ಪಿನ್ ಸಡಿಲ ಇದೆ ಅಥವಾ ಹಾಳಾಗಿದೆ. ಪಿನ್ ಬಿಗಿ ಮಾಡುವ ಸಣ್ಣ ಟೂಲ್ ಸಿಗುತ್ತದೆ. ಬಿಗಿ ಮಾಡಿದರೂ ನಿಲ್ಲದಿದ್ದರೆ ಹೊಸ ಪಿನ್ ಹಾಕಿಸಿ. ಆಮೇಲೆ ವಾಲಿನ ಬುಡಕ್ಕೆ ನೀರು ಹೊಡೆದು, ಅದನ್ನು ಬೆರಳಿನಿಂದ ನಾಲ್ಕೂ ಕಡೆ ಮೆಲ್ಲಗೆ ಬಗ್ಗಿಸಿ ನೋಡಿ. ರಬ್ಬರ್ ವಾಲ್ ಹಳೆಯದಾದಂತೆ ಬುಡದಲ್ಲಿ ಬಿರುಕು ಬಿಡುತ್ತದೆ. ನಿಂತಾಗ ಆ ಬಿರುಕು ಮುಚ್ಚಿಕೊಂಡಿರುತ್ತದೆ, ವೇಗದಲ್ಲಿ ತೆರೆಯುತ್ತದೆ. "ನಿಲ್ಲಿಸಿದಾಗ ಸರಿ ಇರುತ್ತೆ, ಹೈವೇಗೆ ಹೋದರೆ ಗಾಳಿ ಇಳಿಯುತ್ತೆ" ಎಂಬ ದೂರಿಗೆ ಇದು ಒಂದು ಮುಖ್ಯ ಕಾರಣ. ಬಿರುಕು ಕಂಡರೆ ವಾಲನ್ನೇ ಬದಲಿಸಬೇಕು.

ನಂತರ ಟ್ರೆಡ್. ವಾಲ್ ಇರುವ ಜಾಗದಿಂದ ಶುರು ಮಾಡಿ, ಒಂದೊಂದು ಗೇಣು ಒದ್ದೆ ಮಾಡುತ್ತ, ಗಾಲಿ ತಿರುಗಿಸುತ್ತ, ಮತ್ತೆ ವಾಲ್ ಹತ್ತಿರ ಬರುವವರೆಗೆ ನೋಡಿ. ಅವಸರ ಬೇಡ. ದೊಡ್ಡ ತೂತಿನಲ್ಲಿ ಗುಳ್ಳೆ ತಕ್ಷಣ ಉಬ್ಬುತ್ತದೆ. ಸಣ್ಣದರಲ್ಲಿ ಒಂದೆರಡು ನಿಮಿಷದ ಮೇಲೆ ಬಿಳಿ ನೊರೆ ಸೂಜಿಮೊನೆಯಷ್ಟು ಕಾಣುತ್ತದೆ. ಗೀರಿನಲ್ಲಿ ಸಿಕ್ಕ ಕಲ್ಲುಗಳನ್ನು ಸ್ಕ್ರೂಡ್ರೈವರಿನಿಂದ ತೆಗೆಯಿರಿ. ಲೋಹದ ಚೂರು ಕಂಡರೆ ಕೀಳಬೇಡಿ, ಸುತ್ತ ಸೀಮೆಸುಣ್ಣದ ಗುರುತು ಹಾಕಿ. ಒಂದು ತೂತು ಸಿಕ್ಕಿತು ಎಂದು ನಿಲ್ಲಿಸದೆ ಪೂರ್ತಿ ಸುತ್ತು ಮುಗಿಸಿ.

ಕೊನೆಗೆ ಬೀಡ್, ಅಂದರೆ ಟೈರ್ ಮತ್ತು ರಿಮ್ ಕೂಡುವ ಗೆರೆ. ಎರಡೂ ಬದಿ ನೋಡಬೇಕು. ಚೈನ್ ಇರುವ ಬದಿ ನೋಡಲು ಇಕ್ಕಟ್ಟು, ಆದರೆ ಬಿಡಬೇಡಿ. ಇಲ್ಲಿ ಒಂದೇ ಗುಳ್ಳೆಯ ಬದಲು ಒಂದೆರಡು ಇಂಚು ಉದ್ದಕ್ಕೆ ನೊರೆ ಸಾಲು ಕಂಡರೆ ಟೈರ್ ರಿಮ್ಮಿಗೆ ಸರಿಯಾಗಿ ಕೂತಿಲ್ಲ. ರಿಮ್ಮಿನ ಅಂಚು ತುಕ್ಕು ಹಿಡಿದಿರಬಹುದು, ಅಲಾಯ್ ಆದರೆ ಬಣ್ಣ ಎದ್ದು ಬಿಳಿ ಪುಡಿ ಕಟ್ಟಿರಬಹುದು, ಅಥವಾ ಅಂಚು ಬಗ್ಗಿರಬಹುದು. ಟೈರ್ ಬಿಚ್ಚಿ ಅಂಚನ್ನು ಉಜ್ಜಿ ಶುಚಿ ಮಾಡಿ ಕೂರಿಸಿದರೆ ತುಕ್ಕಿನ ಸೋರಿಕೆ ಬಹುತೇಕ ನಿಲ್ಲುತ್ತದೆ.

ಎಲ್ಲ ಕಡೆ ನೋಡಿಯೂ ಗುಳ್ಳೆ ಬರಲಿಲ್ಲವೇ? ಗಾಲಿ ಬಿಚ್ಚಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಅಲಾಯ್ ರಿಮ್ಮಿನ ನಡುವೆ ಕೂದಲೆಳೆಯ ಬಿರುಕು ಇದ್ದರೆ ಸಿಗುವುದು ಅಲ್ಲೇ.

ಟ್ಯೂಬ್ ಇದ್ದರೆ ತೂತಿನ ಜಾಗವೇ ಕಥೆ ಹೇಳುತ್ತದೆ

ಟ್ಯೂಬ್ ಟೈರಿಗೆ ಹೊರಗಿನಿಂದ ಸೋಪಿನ ನೀರು ಹೊಡೆದರೆ ವಾಲ್ ಪಿನ್ ಒಂದನ್ನು ಮಾತ್ರ ನೋಡಬಹುದು. ಟ್ಯೂಬಿನಿಂದ ಹೊರಬಿದ್ದ ಗಾಳಿ ಟೈರಿನೊಳಗೆ ಸುತ್ತಾಡಿ ಕಡ್ಡಿಯ ಬುಡದಲ್ಲೋ ವಾಲಿನ ತೂತಿನಲ್ಲೋ ಹೊರಗೆ ಬರುತ್ತದೆ. ಗುಳ್ಳೆ ಅಲ್ಲಿ ಬಂದರೂ ತೂತು ಬೇರೆ ಕಡೆ ಇರುತ್ತದೆ. ಟ್ಯೂಬ್ ಹೊರತೆಗೆದು, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಲೇಬೇಕು.

ತೆಗೆಯುವ ಮೊದಲು ವಾಲಿನ ಎದುರಿಗೆ ಟೈರಿನ ಮೇಲೆ ಗುರುತು ಹಾಕಿಸಿ. ತೂತು ಸಿಕ್ಕಿದ ಮೇಲೆ ಟ್ಯೂಬನ್ನು ಅದೇ ಗುರುತಿಗೆ ಹಿಡಿದರೆ ಟೈರಿನ ಯಾವ ಜಾಗದಲ್ಲಿ ಮೊಳೆ ಇರಬೇಕು ಎಂಬುದು ತಿಳಿಯುತ್ತದೆ. ಮೊಳೆ ತೆಗೆಯದೆ ಬರೀ ಟ್ಯೂಬಿಗೆ ಪ್ಯಾಚ್ ಹಾಕಿ ಕೂರಿಸಿದರೆ ಮರುದಿನ ಮತ್ತೆ ಪಂಕ್ಚರ್. ಟೈರಿನ ಒಳಮೈಯನ್ನು ಬರಿಗೈಯಲ್ಲಿ ಸವರಬೇಡಿ, ಕೈ ಕೊಯ್ಯುತ್ತದೆ. ಹತ್ತಿ ಬಟ್ಟೆಯಿಂದ ಸವರಿದರೆ ಸಣ್ಣ ತಂತಿಯೂ ಎಳೆ ಹಿಡಿದು ಸಿಕ್ಕಿಬೀಳುತ್ತದೆ.

ತೂತು ಟ್ಯೂಬಿನ ಹೊರಸುತ್ತಿನಲ್ಲಿ, ಅಂದರೆ ನೆಲದ ಕಡೆ ಇದ್ದರೆ ಮೊಳೆ, ತಂತಿ, ಗಾಜು. ಒಳಸುತ್ತಿನಲ್ಲಿ, ರಿಮ್ಮಿನ ಕಡೆ ಇದ್ದರೆ ಕಡ್ಡಿಯ ತುದಿ ಚುಚ್ಚಿದೆ. ರಿಮ್ಮಿನ ಸುತ್ತ ಕಡ್ಡಿ ತುದಿಗಳನ್ನು ಮುಚ್ಚುವ ರಬ್ಬರ್ ಪಟ್ಟಿ ಹರಿದಿರುತ್ತದೆ ಅಥವಾ ಸರಿದಿರುತ್ತದೆ. ಪಟ್ಟಿ ಬದಲಿಸದಿದ್ದರೆ ಎಷ್ಟು ಪ್ಯಾಚ್ ಹಾಕಿದರೂ ವ್ಯರ್ಥ.

ಪಕ್ಕಪಕ್ಕದಲ್ಲಿ ಎರಡು ಸೀಳು ಕಂಡರೆ ಅದು ಗುಂಡಿಯ ಕೆಲಸ. ಗಾಳಿ ಕಮ್ಮಿ ಇರುವ ಗಾಲಿ ಗುಂಡಿಯ ಅಂಚಿಗೆ ಬಡಿದಾಗ ಟೈರ್ ಪೂರ್ತಿ ಚಪ್ಪಟೆಯಾಗಿ, ಟ್ಯೂಬ್ ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ ಎರಡು ಕಡೆ ಕಚ್ಚಿಸಿಕೊಳ್ಳುತ್ತದೆ. ಇಲ್ಲಿ ಮೊಳೆ ಹುಡುಕಿ ಫಲವಿಲ್ಲ. ಮುಂದೆ ಗಾಳಿ ಸರಿಯಾಗಿ ಇಡುವುದೇ ಪರಿಹಾರ.

ವಾಲಿನ ಬುಡದಲ್ಲಿ ಟ್ಯೂಬ್ ಹರಿದಿದ್ದರೆ ಅದೂ ಗಾಳಿ ಕಮ್ಮಿ ಇಟ್ಟು ಓಡಿಸಿದ್ದರ ಗುರುತು. ಬ್ರೇಕ್ ಹಾಕಿದಾಗ, ಎಕ್ಸಲರೇಟರ್ ಕೊಟ್ಟಾಗ ಸಡಿಲ ಟೈರ್ ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪ ಜಾರುತ್ತದೆ, ಟ್ಯೂಬನ್ನೂ ಎಳೆಯುತ್ತದೆ. ವಾಲ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡು ವಾಲುತ್ತದೆ. ನೇರ ನಿಲ್ಲಬೇಕಾದ ವಾಲ್ ಓರೆಯಾಗಿ ಕಂಡರೆ ಹರಿಯುವ ಮೊದಲೇ ಸರಿಮಾಡಿಸಿ. ಬುಡದಲ್ಲಿ ಹರಿದ ಟ್ಯೂಬಿಗೆ ಪ್ಯಾಚ್ ನಿಲ್ಲುವುದಿಲ್ಲ, ಹೊಸ ಟ್ಯೂಬೇ ಬೇಕು.

ಯಾವ ಗಾಯ ವಾಸಿಯಾಗುತ್ತದೆ, ಯಾವುದು ಆಗುವುದಿಲ್ಲ

ಟ್ರೆಡ್‌ನಲ್ಲಿ ಮೊಳೆ ಮಾಡಿದ, ಸುಮಾರು 6 ಮಿ.ಮೀ.ಗಿಂತ ಸಣ್ಣ ತೂತನ್ನು ಸಾಮಾನ್ಯವಾಗಿ ರಿಪೇರಿ ಮಾಡಬಹುದು. ಸೈಡ್‌ವಾಲ್‌ನಲ್ಲಿ ತೂತಾದರೆ ಟೈರ್ ಬದಲಿಸಬೇಕು. ಟ್ರೆಡ್‌ನಲ್ಲಿ ರಬ್ಬರ್ ದಪ್ಪ, ಹೆಚ್ಚು ಮಡಚುವುದಿಲ್ಲ. ಸೈಡ್‌ವಾಲ್ ತೆಳು, ಗಾಲಿ ತಿರುಗಿದ ಪ್ರತಿ ಸಲ ಮಡಚಿ ಬಿಚ್ಚುತ್ತದೆ. ಅಲ್ಲಿ ಹಾಕಿದ ಯಾವ ಪ್ಯಾಚನ್ನೂ ನಂಬುವಂತಿಲ್ಲ.

ಸೈಡ್‌ವಾಲ್ ಮೇಲೆ ಗುಳ್ಳೆ ಎದ್ದಂತೆ ಉಬ್ಬು ಕಂಡರೆ ಗಾಳಿ ಸ್ವಲ್ಪವೂ ಸೋರದಿದ್ದರೂ ಟೈರ್ ಮುಗಿದ ಹಾಗೆ. ಗುಂಡಿಗೆ ಬಡಿದು ಒಳಗಿನ ದಾರಗಳು ಕಡಿದಿವೆ. ಈಗ ಗಾಳಿಯನ್ನು ತಡೆದಿರುವುದು ಬರೀ ರಬ್ಬರ್. ಭಾರ ಹೇರಿಕೊಂಡು ಬಿಸಿಲಿನಲ್ಲಿ ಸೋಲಾಪುರದ ರಸ್ತೆಯಲ್ಲಿ ಹೋಗುವಾಗ ಅದು ಒಡೆದರೆ ಗಾಡಿ ಹಿಡಿಯುವುದು ಬಹಳ ಕಷ್ಟ. "ಇನ್ನೊಂದು ತಿಂಗಳು ನಡೆಯುತ್ತೆ" ಎಂದು ಯಾರೇ ಹೇಳಿದರೂ ದಯವಿಟ್ಟು ಕೇಳಬೇಡಿ.

ಕೊಯ್ತ ಕಂಡರೆ ಗಾಳಿ ಇಳಿಸಿ, ಅದನ್ನು ಮೆಲ್ಲಗೆ ಬಿಡಿಸಿ ನೋಡಿ. ಕೆಳಗೆ ಕಪ್ಪು ರಬ್ಬರ್ ಮಾತ್ರ ಇದ್ದರೆ ಮೇಲ್ಗಾಯ. ದಾರದ ಎಳೆ ಕಂಡರೆ ಬದಲಿಸಬೇಕು.

ಬಿಸಿಲಿಗೆ ನಿಂತ ಹಳೆ ಟೈರುಗಳಲ್ಲಿ ಸೈಡ್‌ವಾಲ್ ಮೇಲೆ, ಗೀರುಗಳ ಬುಡದಲ್ಲಿ ಸಣ್ಣ ಸಣ್ಣ ಬಿರುಕು ಬರುತ್ತವೆ. ರಬ್ಬರ್ ಒಣಗಿ ಗಟ್ಟಿಯಾಗಿದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಮ್ಮಿ. ಟೈರಿನ ವಯಸ್ಸು ತಿಳಿಯಲು ಸೈಡ್‌ವಾಲ್ ಮೇಲೆ ನಾಲ್ಕು ಅಂಕಿ ಹುಡುಕಿ. 2423 ಎಂದಿದ್ದರೆ 2023ನೇ ಇಸವಿಯ 24ನೇ ವಾರ ತಯಾರಾದದ್ದು. ಹೊಸ ಟೈರ್ ಕೊಳ್ಳುವಾಗಲೂ ಇದನ್ನು ನೋಡಿಯೇ ದುಡ್ಡು ಕೊಡಿ.

ಸವೆತಕ್ಕೆ ಕಾನೂನಿನ ಮಿತಿಯೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನದ ಟ್ರೆಡ್ ಗೀರಿನ ಆಳ 0.8 ಮಿ.ಮೀ.ಗಿಂತ ಕಮ್ಮಿ ಇರಬಾರದು. ಅಳೆಯಲು ಉಪಕರಣ ಬೇಕಿಲ್ಲ. ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತವೆ. ಟ್ರೆಡ್ ಸವೆದು ಆ ದಿಬ್ಬಕ್ಕೆ ಸಮವಾದರೆ ಬದಲಿಸುವ ಸಮಯ. ಮಳೆಯಲ್ಲಿ ದಿನಾ ಓಡಾಡುವವರು ಅಲ್ಲಿಯವರೆಗೂ ಕಾಯದಿರುವುದು ಒಳ್ಳೆಯದು. ಸವೆದ ಟೈರ್ ನೀರನ್ನು ಪಕ್ಕಕ್ಕೆ ತಳ್ಳುವುದಿಲ್ಲ, ಮೊಳೆಯೂ ಬೇಗ ಒಳಗೆ ಮುಟ್ಟುತ್ತದೆ.

ಗಾಳಿ ಇಲ್ಲದೆ ದೂರ ಓಡಿಸಿದ ಟ್ಯೂಬ್‌ಲೆಸ್ ಟೈರನ್ನು ಬಿಚ್ಚಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಸಿಕ್ಕರೆ ಸೈಡ್‌ವಾಲ್ ಒಳಗಿನಿಂದ ಅರೆದುಹೋಗಿದೆ ಎಂದರ್ಥ. ಹೊರಗಿನಿಂದ ಹೊಸದರಂತೆ ಕಂಡರೂ ಅದನ್ನು ಮತ್ತೆ ಹಾಕಿಸಬೇಡಿ.

ಗುಂಡಿಗೆ ಜೋರಾಗಿ ಬಡಿದ ಮೇಲೆ ರಿಮ್ಮನ್ನೂ ನೋಡಿ. ಸ್ಟ್ಯಾಂಡ್ ಹಾಕಿ, ಸ್ವಿಂಗ್ ಆರ್ಮ್‌ಗೆ ಒತ್ತಿ ಒಂದು ಪೆನ್ನು ರಿಮ್ಮಿನ ಹತ್ತಿರ ಹಿಡಿದು ಗಾಲಿ ತಿರುಗಿಸಿ. ರಿಮ್ ಬಗ್ಗಿದ್ದರೆ ಅದು ಒಂದು ಕಡೆ ಹತ್ತಿರ ಒಂದು ಕಡೆ ದೂರ ಹೋಗುವುದು ಕಾಣುತ್ತದೆ. ಮೆಕ್ಯಾನಿಕ್‌ಗಳು ರಿಮ್ ಔಟ್ ಆಗಿದೆ ಎನ್ನುವುದು ಇದಕ್ಕೆ. ಕಡ್ಡಿ ಗಾಲಿಯಾದರೆ ಔಟ್ ತೆಗೆಸಬಹುದು. ಬಿರುಕು ಬಿಟ್ಟ ಅಲಾಯ್ ಆದರೆ ವೆಲ್ಡಿಂಗ್ ಮಾಡಿಸಿ ಓಡಿಸುವುದಕ್ಕಿಂತ ಬದಲಿಸುವುದೇ ಕ್ಷೇಮ.

ಪಂಕ್ಚರ್ ಅಂಗಡಿಯಲ್ಲಿ

"ಪಂಕ್ಚರ್ ಕಾಢೂನ್ ಮಿಳೇಲ್" (ಪಂಕ್ಚರ್ ತೆಗೆದುಕೊಡಲಾಗುತ್ತದೆ) ಎಂಬ ಮರಾಠಿ ಬೋರ್ಡು ಪುಣೆಯ ಮೂಲೆಮೂಲೆಯಲ್ಲಿದೆ. ಟ್ಯೂಬ್‌ಲೆಸ್‌ಗೆ ಅಲ್ಲಿ ಸಾಮಾನ್ಯವಾಗಿ ಮಾಡುವುದು ಸ್ಟ್ರಿಪ್ ರಿಪೇರಿ. ಮೊಳೆ ಕಿತ್ತು, ಒರಟು ಸೂಜಿಯಿಂದ ತೂತನ್ನು ಉಜ್ಜಿ, ಅಂಟಿನ ದಾರವನ್ನು ಒಳಗೆ ತುರುಕುತ್ತಾರೆ. ಗಾಲಿ ಬಿಚ್ಚಬೇಕಿಲ್ಲ, ಹತ್ತು ನಿಮಿಷದ ಕೆಲಸ. ಊರು ಮುಟ್ಟಲು ಇದು ಸಾಕು. ಇನ್ನೊಂದು ವಿಧಾನದಲ್ಲಿ ಟೈರ್ ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕುತ್ತಾರೆ. ಸಮಯ, ಖರ್ಚು ಎರಡೂ ಜಾಸ್ತಿ. ಆದರೆ ಗಟ್ಟಿ, ಮತ್ತು ಟೈರಿನ ಒಳಮೈಯನ್ನು ಕಣ್ಣಾರೆ ನೋಡುವ ಅವಕಾಶ ಸಿಗುತ್ತದೆ. ಬಹಳ ವೇಗದಲ್ಲಿ, ಬಹಳ ದೂರ ಓಡಿಸುವವರು ಇದನ್ನೇ ಮಾಡಿಸಿಕೊಳ್ಳುವುದು ಒಳ್ಳೆಯದು. ಟೈರಿನೊಳಗೆ ಪಂಕ್ಚರ್ ತಡೆಯುವ ಲಿಕ್ವಿಡ್ ಹಾಕಿಸಿದ್ದರೆ ಮೊದಲೇ ಹೇಳಿ. ಅದನ್ನು ಒರೆಸಿ ಶುಚಿ ಮಾಡದಿದ್ದರೆ ಪ್ಯಾಚ್ ಹಿಡಿಯುವುದಿಲ್ಲ.

ಒಂದು ಮೊಳೆಗೆ ಹೋದವರಿಗೆ ನಾಲ್ಕು ಪಂಕ್ಚರ್ ಲೆಕ್ಕ ಬಂದ ಕಥೆಯನ್ನು ನೀವೂ ಕೇಳಿರುತ್ತೀರಿ. ಬಿಸಿಲು, ಮಳೆ ಎನ್ನದೆ ಪ್ರಾಮಾಣಿಕವಾಗಿ ದುಡಿಯುವವರೇ ಜಾಸ್ತಿ. ಆದರೂ ಕೆಲವರು ಸೂಜಿಯಿಂದ ತಾವೇ ತೂತು ಮಾಡುತ್ತಾರೆ. ಜಗಳ ಇಲ್ಲದೆ ಇದನ್ನು ತಡೆಯಬಹುದು. ಕೆಲಸ ಮುಗಿಯುವವರೆಗೂ ಗಾಡಿಯ ಪಕ್ಕದಲ್ಲೇ ನಿಲ್ಲಿ. ಸೂಜಿ ಕೈಗೆ ತೆಗೆದುಕೊಳ್ಳುವ ಮೊದಲು ಪೂರ್ತಿ ಟೈರಿಗೆ ಸೋಪಿನ ನೀರು ಹೊಡೆದು ಗುಳ್ಳೆ ಬಂದ ಕಡೆಯೆಲ್ಲ ಗುರುತು ಹಾಕಲು ಕೇಳಿ. "ಭಾವು, ಆಧೀ ಪಾಣಿ ಮಾರಾ" (ಅಣ್ಣ, ಮೊದಲು ನೀರು ಹೊಡೀರಿ) ಎಂದರೆ ಅವರಿಗೆ ಅರ್ಥವಾಗುತ್ತದೆ. ಗುರುತು ಎಷ್ಟೋ ಪಂಕ್ಚರ್ ಅಷ್ಟೇ. ಟ್ಯೂಬ್ ಆದರೆ ಹೊರಸುತ್ತಿನ ಪ್ರತಿ ತೂತಿಗೂ ಟೈರಿನಲ್ಲಿ ಅದೇ ಜಾಗದಲ್ಲಿ ಏನಾದರೂ ಚುಚ್ಚಿದ ಗುರುತು ಇರಬೇಕು. ಅದನ್ನು ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಓಡುತ್ತಿರುವಾಗಲೇ ಗಾಳಿ ಹೋದರೆ

ಹಿಂದಿನ ಗಾಲಿಯ ಗಾಳಿ ಹೋದರೆ ಗಾಡಿಯ ಹಿಂಭಾಗ ಅತ್ತಿತ್ತ ಓಲಾಡುತ್ತದೆ. ಮುಂದಿನದು ಹೋದರೆ ಹ್ಯಾಂಡಲ್ ಭಾರವಾಗಿ, ಹೇಳಿದ ಕಡೆ ತಿರುಗುವುದಿಲ್ಲ. ಮುಂದಿನದೇ ಹೆಚ್ಚು ಅಪಾಯ. ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ. ಹ್ಯಾಂಡಲ್ ಗಟ್ಟಿಯಾಗಿ, ನೇರವಾಗಿ ಹಿಡಿದು ಎಕ್ಸಲರೇಟರ್ ನಿಧಾನವಾಗಿ ಬಿಡಿ. ವೇಗ ತಾನಾಗಿ ಇಳಿಯಲಿ. ಬ್ರೇಕ್ ಬೇಕೇ ಬೇಕಾದರೆ ಗಾಳಿ ಇರುವ ಗಾಲಿಯದ್ದನ್ನು ಮೆಲ್ಲಗೆ ಹಾಕಿ. ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಬಂದ ಮೇಲೆಯೇ ಇಳಿಯಿರಿ, ಹಿಂದೆ ಕೂತವರನ್ನು ರಸ್ತೆಯಿಂದ ದೂರ ನಿಲ್ಲಿಸಿ.

ಗಾಲಿ ವಾಪಸ್ ಹಾಕಿದ ಮೇಲೆ

ಗಾಲಿ ಬಿಚ್ಚಿ ಮಾಡಿದ ರಿಪೇರಿಯಾದರೆ ಹೊರಡುವ ಮೊದಲು ಕೆಲವನ್ನು ನೋಡಲೇಬೇಕು. ಸೈಡ್‌ವಾಲ್ ಮೇಲೆ ಬಾಣದ ಗುರುತಿದ್ದರೆ ಅದು ಗಾಲಿ ಮುಂದಕ್ಕೆ ಉರುಳುವ ದಿಕ್ಕಿಗೆ ಇರಬೇಕು. ರಿಮ್ಮಿನ ಪಕ್ಕದಲ್ಲಿ ಟೈರಿನ ಮೇಲೆ ಒಂದು ತೆಳು ಗೆರೆ ಸುತ್ತಲೂ ಇರುತ್ತದೆ. ರಿಮ್ಮಿನಿಂದ ಅದರ ದೂರ ಎಲ್ಲ ಕಡೆ ಸಮ ಇದ್ದರೆ ಟೈರ್ ಸರಿಯಾಗಿ ಕೂತಿದೆ. ಆಕ್ಸಲ್ ನಟ್ ಬಿಗಿ ಮಾಡಿದ್ದಾರಾ, ಚೈನ್ ತೀರಾ ಬಿಗಿ ಅಥವಾ ಸಡಿಲ ಆಗಿದೆಯಾ ಎಂದು ನೋಡಿ. ಡಿಸ್ಕ್ ಬ್ರೇಕ್ ಇದ್ದರೆ ನಿಂತಲ್ಲೇ ಲಿವರನ್ನು ನಾಲ್ಕೈದು ಸಲ ಒತ್ತಿ. ಗಾಲಿ ತೆಗೆದು ಹಾಕುವಾಗ ಪ್ಯಾಡುಗಳು ಹಿಂದೆ ಸರಿದಿರುತ್ತವೆ. ಒತ್ತದೆ ಹೊರಟರೆ ಮೊದಲ ಸಲ ಬ್ರೇಕ್ ಹಿಡಿಯದೇ ಹೋಗಬಹುದು.

ಆಮೇಲೆ ರಿಪೇರಿ ಜಾಗಕ್ಕೂ ವಾಲಿಗೂ ಒಂದೊಂದು ಹನಿ ಸೋಪಿನ ನೀರು ಬಿಟ್ಟು ನೋಡಿ, ಕ್ಯಾಪ್ ಹಾಕಿ. ಮರುದಿನ ಬೆಳಗ್ಗೆ ಎರಡೂ ಗಾಲಿ ಅಳೆದು ಬರೆದಿಡಿ, ಮೂರು ದಿನ ಬಿಟ್ಟು ಇನ್ನೊಮ್ಮೆ ಅಳೆಯಿರಿ. ರಿಪೇರಿ ಮಾಡಿದ ಗಾಲಿ ಇನ್ನೊಂದಕ್ಕಿಂತ ಜಾಸ್ತಿ ಇಳಿದಿದ್ದರೆ ಇನ್ನೂ ಒಂದು ತೂತು ಉಳಿದಿದೆ. ಊರಿನ ದಾರಿ ಹಿಡಿಯುವ ಮೊದಲೇ ಅದನ್ನೂ ಹುಡುಕಿಸಿ.